ನಿರೀಕ್ಷಿತ ಮೊಡವೆ

ಕೆಲವು ವರ್ಷದ ಹಿಂದೆ ಟ್ಯಾಮರಾಕ್ ರಾಜ್ಯ ಕಾಲೇಜಿನಲ್ಲಿ ಓದುತ್ತಿದ್ದ ಎರಡು ಸಾವಿರದ ನಲವತ್ತು ವಿದ್ಯಾರ್ಥಿನಿಯರ ಪೈಕಿ ಸಾವಿರದ ಒಂಬೈನೂರ ಹನ್ನೆರಡು ಮಂದಿಗೆ ಮೊಡವೆಯ ಕಾಯಿಲೆ ಇತ್ತು. ಇದು ಸರ್ಕಾರದ ಅಂಕಿಅಂಶ. ಸದರಿ ಸಾವಿರದ ಒಂಬೈನೂರ ಹನ್ನೆರಡು ಮಂದಿಯಲ್ಲಿ ಒಬ್ಬಳ ಮುಖದಲ್ಲೂ ಮೊಡವೆ ಇರಲಿಲ್ಲ. ಇದೂ ಸರ್ಕಾರದ ಅಂಕಿಅಂಶವೇ. ಎರಡನ್ನೂ ಕೈಯಾರೆ ಕಡತಕ್ಕೆ ಏರಿಸಿದವಳು ನಾನೇ ಆದ್ದರಿಂದ ಎರಡೂ ಸರಿಯಾಗಿವೆಯೆಂದು ದೃಢೀಕರಿಸುತ್ತೇನೆ.

ನನ್ನ ಹೆಸರು ಎಟ್ಟಾ ಪ್ರಿಬಿಲ್. ಕಾಲೇಜಿನ ಆರೋಗ್ಯ ಕೇಂದ್ರದಲ್ಲಿ ಹದಿನೇಳು ವರ್ಷದಿಂದ ದಾಖಲೆ ಗುಮಾಸ್ತೆ. ಕೇಂದ್ರದಲ್ಲಿ ಇರುವುದು ಎರಡೇ ಕೋಣೆ. ಮುಂದಿನದರಲ್ಲಿ ನಾನು, ಹಿಂದಿನದರಲ್ಲಿ ವರ್ನಾ ಲಿಂಡ್‌ಕ್ವಿಸ್ಟ್. ವರ್ನಾ ನಮ್ಮ ಹಿರಿಯ ನರ್ಸು, ಔಷಧಿ ಬರೆದುಕೊಡುವ ಅಧಿಕಾರವೂ ಅವಳಿಗಿದೆ. ಊರಿನ ಲೂಥರನ್ ಚರ್ಚಿನಲ್ಲಿ ಮೂವತ್ತು ವರ್ಷದಿಂದ ಹಾಡುತ್ತಿದ್ದಾಳೆ. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ. ಒಮ್ಮೆ ನನ್ನ ಹುಟ್ಟುಹಬ್ಬದ ಗುಟ್ಟು ಕಾಪಾಡಲಾಗದೆ ಎರಡು ದಿನ ರಜೆ ಹಾಕಿದ್ದಳು.

ವಿಷಯ ಶುರುವಾದದ್ದು ನವೆಂಬರಿನಲ್ಲಿ. ಐಸ್ ಹಾಕಿ ಅಂಗಳದ ಉದ್ಘಾಟನೆಗೆಂದು ನಮ್ಮ ಕ್ಷೇತ್ರದ ಶಾಸಕರಾದ ಮಾನ್ಯ ಆರಿನ್ ಸ್ಟಬ್ಬಿಯವರು ಕಾಲೇಜಿಗೆ ಬಂದರು. ಸ್ಟಬ್ಬಿಯವರು ಕೆಟ್ಟವರಲ್ಲ. ಹಿಮ ಬಿದ್ದ ಬೆಳಿಗ್ಗೆ ತಮ್ಮ ಬೀದಿಯ ಮೂರು ವಿಧವೆಯರ ಅಂಗಳದ ಹಿಮವನ್ನು ತಾವೇ ಸಲಿಕೆ ಹಿಡಿದು ತೆಗೆಯುತ್ತಾರೆ. ಉದ್ಘಾಟನೆಯಲ್ಲಿ ಅವರಿಗೆ ನಾಲ್ಕು ಲೋಟ ಕಾಫಿ ಕೊಟ್ಟಿದ್ದರು. ನಾಲ್ಕನೆಯದು ಮುಗಿಯುವ ಮೊದಲೇ ಅವರು ಶೌಚಾಲಯ ಹುಡುಕುತ್ತ ನಮ್ಮ ಬಾಗಿಲಿಗೆ ಬಂದುಬಿಟ್ಟರು. ಬಾಗಿಲ ಮೇಲೆ ಒಂದು ಸೂಚನೆ ಅಂಟಿಸಿತ್ತು:

“ಗರ್ಭನಿರೋಧಕ ಸಲಹೆ ಮತ್ತು ಮಾತ್ರೆ. ಮಂಗಳವಾರ, ಗುರುವಾರ. ಮಧ್ಯಾಹ್ನ ಎರಡರಿಂದ ನಾಲ್ಕು. ಬೂಟಿನ ಹಿಮವನ್ನು ಹೊರಗೇ ಕೊಡವಿ ಬನ್ನಿ.”

ಸ್ಟಬ್ಬಿಯವರು ಅದನ್ನು ಎರಡು ಸಲ ಓದಿದರು.

“ಮಧ್ಯಾಹ್ನ ಎರಡರಿಂದ ನಾಲ್ಕಾ?” ಎಂದರು. “ಹಾಡಹಗಲೇ?”

“ಬೆಳಿಗ್ಗೆ ಜ್ವರದವರು ಬರ್ತಾರೆ ಸರ್,” ಎಂದಳು ವರ್ನಾ.

“ಅಲ್ಲಮ್ಮಾ, ಈ ಮಕ್ಕಳು ಇಲ್ಲಿಗೆ ಬಂದಿರೋದು ಓದೋಕೆ.”

“ಹೌದು ಸರ್. ಓದು ಮುಗಿಸ್ಲಿ ಅಂತಾನೇ ಕೊಡ್ತಿರೋದು.”

ಸ್ಟಬ್ಬಿಯವರು ಉತ್ತರಿಸಲು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಕಾಫಿಯ ಒತ್ತಡ ಹೆಚ್ಚಾಗಿ, “ಶೌಚಾಲಯ ಎಲ್ಲಿ?” ಎಂದಷ್ಟೇ ಕೇಳಿದರು. ಎಡಗಡೆ ಎಂದು ನಾನು ತೋರಿಸಿದೆ.

ಹೊಸ ವರ್ಷಕ್ಕೆ ಮೊದಲೇ ರಾಜ್ಯದ ಶಾಸನಸಭೆ ಸ್ಟಬ್ಬಿಯವರು ಮಂಡಿಸಿದ “ವಿದ್ಯಾರ್ಥಿ ಏಕಾಗ್ರತಾ ಸಂರಕ್ಷಣಾ ಅಧಿನಿಯಮ”ವನ್ನು ಅಂಗೀಕರಿಸಿತು. ಕಲಂ ಎರಡರ ಪ್ರಕಾರ ರಾಜ್ಯದ ಯಾವ ಕಾಲೇಜೂ ಗರ್ಭನಿರೋಧಕವನ್ನು ಕೊಡತಕ್ಕದ್ದಲ್ಲ, ಬರೆಯತಕ್ಕದ್ದಲ್ಲ. ಕಲಂ ಮೂರರ ಪ್ರಕಾರ ಗರ್ಭನಿರೋಧವನ್ನಾಗಲಿ, ಅದರ ಅಭಾವದಿಂದ ಉಂಟಾಗುವ ಯಾವುದೇ ಫಲಿತಾಂಶವನ್ನಾಗಲಿ ಕಾಲೇಜಿನ ಆವರಣದೊಳಗೆ ಯಾರೂ ಬಾಯಿಬಿಟ್ಟು ಹೇಳತಕ್ಕದ್ದಲ್ಲ. ಹೇಳಿದರೆ ಕೇಳಿದವರ ಏಕಾಗ್ರತೆಗೆ ಭಂಗ ಬರುತ್ತದೆ.

ಕಲಂ ನಾಲ್ಕು ಮೂಲ ಮಸೂದೆಯಲ್ಲಿ ಇರಲಿಲ್ಲ. ಚರ್ಚೆಯ ದಿನ ಆಮೊಟ್ ಎಂಬ ಸದಸ್ಯರು ಎದ್ದು ನಿಂತು, ತಮ್ಮ ಮಗಳೂ ಅದೇ ಮಾತ್ರೆ ತೆಗೆದುಕೊಳ್ಳುತ್ತಾಳೆ, ಆದರೆ ಅದು ಮೊಡವೆಗೆ ಎಂದರು.

“ಮೊಡವೆಗಾ?” ಎಂದು ಸಭಾಧ್ಯಕ್ಷರು ಕೇಳಿದರು.

“ಮೊಡವೆಗೇ. ಡಾಕ್ಟರೇ ಹೇಳಿದಾರೆ.”

ಆಮೇಲೆ ಹಿಂದಿನ ಸಾಲಿನಲ್ಲಿ ಇನ್ನೊಬ್ಬರು ಎದ್ದರು, ಅವರ ಮಗಳಿಗೂ ಮೊಡವೆಯಂತೆ. ಮತ್ತೊಬ್ಬರು ಎದ್ದರು. ಊಟದ ಬಿಡುವಿನ ಹೊತ್ತಿಗೆ ನಲವತ್ತೊಂದು ಸದಸ್ಯರು ಎದ್ದಾಗಿತ್ತು. ಎಲ್ಲ ಪಕ್ಷದವರೂ ಅದರಲ್ಲಿದ್ದರು. ಮೊಡವೆಯ ಚಿಕಿತ್ಸೆಗಾದರೆ ಮಾತ್ರೆ ಕೊಡಬಹುದು ಎಂಬ ಕಲಂ ನಾಲ್ಕು ಒಂದೇ ಒಂದು ವಿರೋಧವಿಲ್ಲದೆ ಪಾಸಾಯಿತು. ಇಷ್ಟೊಂದು ತಂದೆಯರ ಹೆಣ್ಣುಮಕ್ಕಳಿಗೆ ಒಂದೇ ಕಾಯಿಲೆ ಬಂದದ್ದು ಕಾಕತಾಳೀಯವೆಂದು ನಡಾವಳಿಯಲ್ಲಿ ನಮೂದಾಗಿದೆ.

ಜನವರಿಯ ಮೊದಲ ಮಂಗಳವಾರ ಕಾನೂನು ಜಾರಿಗೆ ಬಂತು. ಅಂದು ಎರಡು ಗಂಟೆಗೆ ಸರಿಯಾಗಿ ಟಿಯೊಡೋರಾ ರೂಜಿಚ್ಕಾ ಬೂಟು ಕೊಡವಿ ಒಳಗೆ ಬಂದಳು. ಎಲ್ಲರೂ ಅವಳನ್ನು ಟೆಡ್ಡಿ ಎನ್ನುತ್ತಿದ್ದರು. ಹಾಲುತ್ಪನ್ನ ವಿಜ್ಞಾನದ ಎರಡನೇ ವರ್ಷ. ಅಪ್ಪನದು ನಲವತ್ತು ಹಸುಗಳ ಕೊಟ್ಟಿಗೆ. ಅಕ್ಕ ಲಿಬ್ಬಿ ಇದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು, ಮೂರನೇ ವರ್ಷದಲ್ಲಿ ಹೆಣ್ಣುಮಗುವಾಗಿ ಓದು ಬಿಟ್ಟು ಈಗ ಚೀಸ್ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುತ್ತಾಳೆ. ಇದನ್ನೆಲ್ಲ ಟೆಡ್ಡಿಯೇ ನನಗೆ ಹೇಳಿದ್ದು. ಅಕ್ಕನ ಹಳೆಯ ಗಣಿತದ ಪುಸ್ತಕ ಅವಳ ಚೀಲದಲ್ಲಿತ್ತು. ಇನ್ನೂರ ಹನ್ನೆರಡನೇ ಪುಟದವರೆಗೆ ಅಂಚಿನಲ್ಲೆಲ್ಲ ಲಿಬ್ಬಿಯ ಚುರುಕಾದ ಅಕ್ಷರ. ಆಮೇಲೆ ಬರಿಯ ಹಾಳೆ.

“ನಮ್ಮಕ್ಕ ನನಗಿಂತ ಬುದ್ಧಿವಂತೆ ಸಿಸ್ಟರ್,” ಎಂದಳು. “ಅವಳಿಗೇ ಹಾಗಾಯ್ತು. ನಾನು ಯಾವ ಲೆಕ್ಕ?”

ವರ್ನಾ ಅವಳಿಗೆ ಅಧಿನಿಯಮ ಓದಿ ಹೇಳಿದಳು. ಕಲಂ ಎರಡು, ಮೂರು, ನಾಲ್ಕು.

“ಬೇರೆ ಆಸ್ಪತ್ರೆ ಅರವತ್ತು ಮೈಲಿ ದೂರ,” ಎಂದಳು ಟೆಡ್ಡಿ. “ನನ್ನ ಹತ್ರ ಕಾರಿಲ್ಲ. ಅಪ್ಪನ ಟ್ರಕ್ ಕೇಳಿದ್ರೆ ಎಲ್ಲಿಗೆ, ಯಾಕೆ ಅಂತಾರೆ. ಸಿಸ್ಟರ್, ಹೇಗಾದ್ರೂ ಮೊಡವೆ ಅಂತ ಬರೆದುಬಿಡಿ.”

“ಇದ್ರೆ ಬರೀತೀನಮ್ಮ. ಇಲ್ದಿದ್ದನ್ನ ಹೇಗೆ ಬರೀಲಿ? ಬಾ ಇಲ್ಲಿ, ಬೆಳಕಿಗೆ ಮುಖ ಕೊಡು.”

ವರ್ನಾ ದೀಪ ಹಾಕಿ, ಭೂತಗನ್ನಡಿ ಹಿಡಿದು ಹುಡುಕಿದಳು. ಹಣೆ, ಕೆನ್ನೆ, ಗಲ್ಲ, ಕಿವಿಯ ಹಿಂದೆ. ಹದಿನೈದು ನಿಮಿಷ ಹುಡುಕಿದಳು. ಕನ್ನಡಿಯ ಹಿಂದೆ ಅವಳ ಕಣ್ಣು ದೊಡ್ಡದಾಗಿ, ದುಃಖವಾಗಿ ಕಾಣುತ್ತಿತ್ತು.

“ತೊಳೆದಿಟ್ಟ ತಟ್ಟೆ ಹಾಗಿದೆ ಕಣೇ ನಿನ್ನ ಮುಖ,” ಎಂದಳು ಕೊನೆಗೆ. “ಒಂದೇ ಒಂದು, ಸಾಸಿವೆ ಕಾಳಷ್ಟು ಇದ್ದಿದ್ರೂ ಸಾಕಿತ್ತು.”

“ನಮ್ಮಜ್ಜಿ ಕಡೆಯಿಂದ ಬಂದಿರೋ ಚರ್ಮ. ನಾನೇನ್ ಮಾಡ್ಲಿ?” ಎಂದು ಟೆಡ್ಡಿ ಅತ್ತಳು. ಒಳ್ಳೆಯ ಚರ್ಮಕ್ಕಾಗಿ ಅತ್ತ ಹುಡುಗಿಯನ್ನು ನಾನು ನೋಡಿದ್ದು ಅದೇ ಮೊದಲು.

ವರ್ನಾ ಆ ಗುರುವಾರದವರೆಗೆ ಊಟ ಸರಿಯಾಗಿ ಮಾಡಲಿಲ್ಲ. ಗುರುವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಕಾಲೇಜಿನ ಕಾನೂನು ಅಧಿಕಾರಿ ಪ್ರಾಸರ್ ಕೀನ್ ಅವರ ಕೋಣೆಗೆ ಹೋದಳು. ಕೀನ್ ಅವರು ಅಧಿನಿಯಮವನ್ನು ತರಿಸಿ, ಕನ್ನಡಕ ಒರೆಸಿ, ಕಲಂ ನಾಲ್ಕನ್ನು ಬೆರಳಿಟ್ಟು ಓದಿದರು.

“ಮೊಡವೆಯ ಚಿಕಿತ್ಸೆ ಅಂತಿದೆ,” ಎಂದರು. “ಬಂದ ಮೊಡವೆ ಅಂತ ಎಲ್ಲಿದೆ?”

“ಬರದೆ ಇರೋ ಮೊಡವೆಗೆ ಚಿಕಿತ್ಸೆ ಹೇಗೆ ಸರ್?”

“ದಡಾರ ಬರೋಕೆ ಮುಂಚೆ ಚುಚ್ಚುಮದ್ದು ಕೊಡಲ್ವೇನಮ್ಮ? ಇದೂ ಹಾಗೇ. ಈಗ ನೀನೇ ಹೇಳು. ಆ ಹುಡುಗಿಗೆ ಮುಂದೆಂದೂ ಮೊಡವೆ ಬರಲ್ಲ ಅಂತ ನೀನು ಪ್ರಮಾಣ ಮಾಡ್ತೀಯಾ?”

ವರ್ನಾ ಪ್ರಾಮಾಣಿಕವಾಗಿ ಯೋಚಿಸಿದಳು. “ಇಲ್ಲ. ಮಾಡೋಕಾಗಲ್ಲ.”

“ಮತ್ತೆ? ಬರಬಹುದು ಅಂತ ಬರೆದ್ರೆ ಅದ್ರಲ್ಲಿ ಸುಳ್ಳೆಲ್ಲಿ ಬಂತು?”

ವರ್ನಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸುಳ್ಳು ಎಲ್ಲೂ ಸಿಗಲಿಲ್ಲ. ಅಂದು ಮಧ್ಯಾಹ್ನವೇ ಕೀನ್ ಅವರ ಸಹಿಯಿದ್ದ ಸುತ್ತೋಲೆ ಹೊರಟಿತು: “ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಇನ್ನೂ ಬಾರದ ಆದರೆ ಬರಲು ಯಾವ ಅಡ್ಡಿಯೂ ಇಲ್ಲದ ಮೊಡವೆಯನ್ನು ‘ನಿರೀಕ್ಷಿತ ಮೊಡವೆ’ ಎಂದು ಪರಿಗಣಿಸತಕ್ಕದ್ದು.”

ಎರಡರಿಂದ ನಾಲ್ಕರೊಳಗೆ ಮೂವತ್ತೆಂಟು ಮಂದಿಗೆ ಈ ಕಾಯಿಲೆ ಇರುವುದು ಪತ್ತೆಯಾಯಿತು. ಮೊದಲನೆಯವಳು ಟೆಡ್ಡಿ.

ಇದಕ್ಕಾಗಿ ಒಂದು ನಮೂನೆ ಮುದ್ರಿಸಿದೆವು. “ನಿರೀಕ್ಷೆಗೆ ಕಾರಣ” ಎಂಬಲ್ಲಿ ಹೆಚ್ಚಿನವರು “ಪರೀಕ್ಷೆ” ಎಂದೋ “ಅಪ್ಪನಿಗೂ ಇತ್ತು” ಎಂದೋ ಬರೆದರು. ಒಬ್ಬಳು “ಹಾಕಿ ತಂಡದ ಗೋಲ್‌ಕೀಪರ್” ಎಂದು ಬರೆದಿದ್ದಳು. ತಿದ್ದಿ ತರಲು ವಾಪಸು ಕಳಿಸಿದೆ. ಮರುದಿನ ಆ ಗೋಲ್‌ಕೀಪರನೇ ಬಂದ. ಆರಡಿ ನಾಲ್ಕಂಗುಲದ ಆಳು, ಟೋಪಿ ಕೈಯಲ್ಲಿ ಹಿಡಿದು ಹಿಂಡುತ್ತಿದ್ದ.

“ಸಿಸ್ಟರ್, ಅವಳ ಮೊಡವೇಲಿ ನನ್ನದೂ ಸ್ವಲ್ಪ ಜವಾಬ್ದಾರಿ ಇದೆ ಅನ್ಸುತ್ತೆ.”

“ಒಳ್ಳೇ ಹುಡುಗ ಕಣಪ್ಪ ನೀನು,” ಎಂದಳು ವರ್ನಾ. “ಇಲ್ಲಿ ಸಾಕ್ಷಿ ಅಂತಿದೆಯಲ್ಲ, ಅಲ್ಲಿ ಸಹಿ ಹಾಕು.”

ಮಾತ್ರೆ ಬೇಡದವರೂ ಗೆಳತಿಯರಿಗೆ ಜೊತೆಯಾಗಿರಲೆಂದು ಹೆಸರು ಬರೆಸತೊಡಗಿದರು. ಚರ್ಚಿನ ಯುವತಿ ಮಂಡಲಿ ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಒಟ್ಟಾಗಿ ತೀರ್ಮಾನಿಸಿ, ಮಂಗಳವಾರ ಸಾಲಾಗಿ ಬಂದು ಬರೆಸಿತು. ಮಾರ್ಚಿನ ಕೊನೆಗೆ ಲೆಕ್ಕ ಸಾವಿರದ ಒಂಬೈನೂರ ಹನ್ನೆರಡಕ್ಕೆ ಮುಟ್ಟಿತು. ನಿಯಮದಂತೆ ನಾನು ಅದನ್ನು ರಾಜಧಾನಿಗೆ ಕಳಿಸಿದೆ.

ರಾಜಧಾನಿ ಬೆಚ್ಚಿಬಿತ್ತು. ಒಂದು ಕಾಲೇಜಿನಲ್ಲಿ ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಮಂದಿಗೆ ಮೊಡವೆ! ಮೂವರು ತಪಾಸಣಾಧಿಕಾರಿಗಳು ಬಂದಿಳಿದರು. ಕೊಳಾಯಿ ನೀರು ಪರೀಕ್ಷಿಸಿದರು, ವಿದ್ಯಾರ್ಥಿನಿಲಯದ ದಿಂಬಿನ ಚೀಲಗಳನ್ನು ಕತ್ತರಿಸಿ ಲಕೋಟೆಗೆ ಹಾಕಿಕೊಂಡರು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಮುಖ ನೋಡಿದರು. ಏನೂ ಸಿಗಲಿಲ್ಲ. ಕಣ್ಣಿಗೆ ಕಾಣದ ಮೊಡವೆಯಾದ್ದರಿಂದ ಇದು ಹೆಚ್ಚು ಅಪಾಯಕಾರಿ ಬಗೆಯದು ಎಂದು ವರದಿ ಬರೆದರು. “ಶಂಕಿತ ಕಾರಣ” ಎಂಬಲ್ಲಿ ಚೀಸ್ ಎಂಬ ಒಂದು ಪದ ಸೇರಿಸಿದರು.

ಆ ಒಂದು ಪದಕ್ಕೆ ಊರು ಹೊತ್ತಿ ಉರಿಯಿತು. ನಮ್ಮಲ್ಲಿ ಚೀಸಿನ ಮೇಲೆ ಅನುಮಾನ ಪಡುವುದೂ ಹೆತ್ತ ತಾಯಿಯ ಮೇಲೆ ಅನುಮಾನ ಪಡುವುದೂ ಒಂದೇ. ಊರವರೆಲ್ಲ ಸೇರುವ ಶುಕ್ರವಾರದ ಕರಿದ ಮೀನಿನ ಊಟದಲ್ಲಿ ಜನ ಸ್ಟಬ್ಬಿಯವರ ಮೇಜಿಗೆ ಬೆನ್ನು ಮಾಡಿ ಕೂತರು. ಇಪ್ಪತ್ತನಾಲ್ಕು ವರ್ಷದ ಶಾಸಕತನದಲ್ಲಿ ಅವರು ಒಬ್ಬರೇ ಮೀನು ತಿಂದದ್ದು ಅಂದು ಮಾತ್ರ. ಮಾರನೆಯ ದಿನವೇ ಅವರು ಬಹಿರಂಗ ವಿಚಾರಣೆ ಕರೆದರು. ಸ್ಥಳ, ಕಾಲೇಜಿನ ಕ್ರೀಡಾಂಗಣದ ಸಭಾಂಗಣ. ಅಧ್ಯಕ್ಷರು, ಸ್ವತಃ ಸ್ಟಬ್ಬಿ. ನಡಾವಳಿ ಬರೆಯಲು ನನ್ನನ್ನು ಕೂರಿಸಿದರು.

ಊರಿಗೆ ಊರೇ ಬಂದಿತ್ತು. ಮೊದಲು ಚೀಸ್ ತಯಾರಕರ ಸಂಘದ ಅಧ್ಯಕ್ಷರು ಎದ್ದು, “ಅರವತ್ತು ವರ್ಷ ಆಯ್ತು ನಾನು ಚೀಸ್ ತಿನ್ನೋಕೆ ಶುರು ಮಾಡಿ. ನೋಡ್ರಿ ನನ್ನ ಮುಖಾನ!” ಎಂದು ಗುಡುಗಿದರು. ಎಲ್ಲರೂ ನೋಡಿದರು. ಅದು ಚೀಸಿನ ಪರವಾದ ಸಾಕ್ಷ್ಯವೆಂದು ಹೇಳಲು ಕಷ್ಟವಾಗಿತ್ತು. ಅವರನ್ನು ಕೂರಿಸಿ, ಮೊಡವೆ ರೋಗಿಗಳ ಪಟ್ಟಿಯಲ್ಲಿ ಮೊದಲ ಹೆಸರು ಯಾರದೋ ಅವರನ್ನು ಕರೆಯಿರಿ ಎಂದರು ಸ್ಟಬ್ಬಿ.

ಟೆಡ್ಡಿ ಎದ್ದು ಬಂದಳು. ಮೂರನೇ ಸಾಲಿನಲ್ಲಿ ಅವಳ ಅಪ್ಪ, ಅಮ್ಮ, ಅಕ್ಕ ಲಿಬ್ಬಿ ಕೂತಿದ್ದರು. ಲಿಬ್ಬಿಯ ತೊಡೆಯ ಮೇಲೆ ನಾಲ್ಕು ವರ್ಷದ ಮಗಳು ರೋಸಿ, ಬಾಯಿ ತುಂಬ ಚೀಸು. ವರ್ನಾ ಬಾಗಿಲ ಹತ್ತಿರ ನಿಂತು ಕಣ್ಣು ಮುಚ್ಚಿದ್ದಳು. ಒಂದು ಮಾತು ಅತ್ತಿತ್ತ ಆದರೆ ಅವಳ ಕೆಲಸ ಹೋಗುತ್ತಿತ್ತು, ಸಾವಿರದ ಒಂಬೈನೂರ ಹನ್ನೆರಡು ಕಡತ ಒಲೆಗೆ ಹೋಗುತ್ತಿತ್ತು.

“ಎಲ್ಲಮ್ಮಾ ನಿನ್ನ ಮೊಡವೆ?” ಎಂದರು ಸ್ಟಬ್ಬಿ.

ಟೆಡ್ಡಿ ಮೂರನೇ ಸಾಲಿನ ಕಡೆ ನೋಡಿದಳು. ಆಮೇಲೆ ನೆಟ್ಟಗೆ ನಿಂತಳು.

“ನನಗೆ ಮೊಡವೆ ಇಲ್ಲ ಸರ್. ಚೀಸಿಗೂ ಇದಕ್ಕೂ ಸಂಬಂಧ ಇಲ್ಲ. ನಾನು ಆ ಮಾತ್ರೆ ತಗೊಳ್ಳೋದು ಓದು ಮುಗಿಯೋವರೆಗೂ ಬಸಿರಾಗಬಾರದು ಅಂತ.”

ಆಗ ಪ್ರಾಸರ್ ಕೀನ್ ಎದ್ದು ನಿಂತರು.

“ಅಧ್ಯಕ್ಷರೇ, ಆಕ್ಷೇಪಣೆ. ಈ ಸಭಾಂಗಣ ಕಾಲೇಜಿನ ಆವರಣದಲ್ಲಿದೆ. ಸಾಕ್ಷಿ ಈಗ ಹೇಳಿದ ಒಂದು ಪದ ಕಲಂ ಮೂರರ ಪ್ರಕಾರ ಇಲ್ಲಿ ಹೇಳೋಹಾಗಿಲ್ಲ. ಕೇಳೋಹಾಗೂ ಇಲ್ಲ. ತಮ್ಮದೇ ಕಾನೂನು ಸರ್.”

ಸ್ಟಬ್ಬಿಯವರು ಅಧಿನಿಯಮವನ್ನು ತೆಗೆದು ನೋಡಿದರು. ಅವರದೇ ಆಗಿತ್ತು. “ಪದ ಹೊಡೆದುಹಾಕಿ,” ಎಂದರು.

ನಾನು ಹೊಡೆದುಹಾಕಿದೆ. “ಅಲ್ಲಿ ಖಾಲಿ ಉಳೀತು ಸರ್,” ಎಂದೆ. “ನಡಾವಳಿಯಲ್ಲಿ ಖಾಲಿ ಜಾಗ ಬಿಡೋಹಾಗಿಲ್ಲ.”

“ಅನುಮತಿ ಇರೋ ಪದ ಯಾವುದಾದ್ರೂ ಹಾಕಿ,” ಎಂದರು ಕೀನ್. “ಈ ವಿಷಯದಲ್ಲಿ ಕಾನೂನು ಒಪ್ಪೋ ಪದ ಒಂದೇ ಒಂದು.”

ನಾನು “ಮೊಡವೆಯಾಗಬಾರದು” ಎಂದು ತುಂಬಿದೆ. ಓದಿ ಹೇಳಿದೆ. ಯಾರೂ ನಗಲಿಲ್ಲ.

ಟೆಡ್ಡಿ ನನ್ನ ಮುಖ ನೋಡಿದಳು, ಕೀನ್ ಅವರ ಮುಖ ನೋಡಿದಳು. ಹುಡುಗಿ ಚುರುಕು, ಅರ್ಥವಾಯಿತು.

“ಸರಿ ಸರ್,” ಎಂದಳು. “ಹಾಗೇ ಹೇಳ್ತೀನಿ. ನಮ್ಮಕ್ಕ ಇದೇ ಕಾಲೇಜಲ್ಲಿ ಓದ್ತಿದ್ಲು. ಇಡೀ ತರಗತಿಗೆ ಮೊದಲನೆಯವಳು. ಮೂರನೇ ವರ್ಷದಲ್ಲಿ ಅವಳಿಗೆ ಒಂದು ಮೊಡವೆ ಆಯ್ತು.”

ಲಿಬ್ಬಿ ತಲೆ ತಗ್ಗಿಸಿದಳು.

“ಈಗ ಆ ಮೊಡವೆಗೆ ನಾಲ್ಕು ವರ್ಷ ಸರ್. ಮುದ್ದಾಗಿದೆ. ನಮ್ಮಕ್ಕನಿಗೆ ಆ ಮೊಡವೆ ಅಂದ್ರೆ ಪ್ರಾಣ. ನಮ್ಮಪ್ಪ ಮೊದಲು ಆರು ತಿಂಗಳು ಮಾತು ಬಿಟ್ಟಿದ್ರು, ಈಗ ಹಾಲು ಕರೆಯೋವಾಗಲೂ ಮೊಡವೇನ ಹೆಗಲ ಮೇಲೆ ಕೂರಿಸ್ಕೊಂಡಿರ್ತಾರೆ. ಬೇಡ ಅಂತ ನಾವ್ಯಾರೂ ಹೇಳಿಲ್ಲ. ಆದ್ರೆ ಅದು ಎರಡೇ ಎರಡು ವರ್ಷ ತಡವಾಗಿ ಬಂದಿದ್ರೆ ನಮ್ಮಕ್ಕ ಇವತ್ತು ಆ ಕಾರ್ಖಾನೇಲಿ ಯಂತ್ರ ಮಾಡ್ತಿದ್ಲು ಸರ್. ಡಬ್ಬಿ ಕಟ್ತಿರಲಿಲ್ಲ. ನನಗೂ ಮೊಡವೆ ಬೇಕು. ಎರಡೋ ಮೂರೋ ಬೇಕು. ಯಾವಾಗ ಅನ್ನೋದು ಮಾತ್ರ ನಾನು ಹೇಳಬೇಕು.”

ಟೆಡ್ಡಿಯ ಅಪ್ಪ ಕೈಗವಸಿನಿಂದ ಮೂಗು ಒರೆಸಿಕೊಂಡರು. ಹಿಂದಿನ ಸಾಲಿನ ಹೆಂಗಸೊಬ್ಬಳು, “ನನಗೂ ಹತ್ತೊಂಬತ್ತಕ್ಕೇ ಮೊಡವೆ ಆಗಿತ್ತು,” ಎಂದಳು ಮೆಲ್ಲಗೆ. ಇನ್ನೊಬ್ಬಳು, “ನನಗೆ ಐದು,” ಎಂದಳು.

ಸ್ಟಬ್ಬಿಯವರ ಕಿವಿ ಕೆಂಪಾಗಿತ್ತು. ಅವರು ಬಹಳ ಹೊತ್ತು ಕಾಗದ ಜೋಡಿಸಿದರು. ಕಾಗದ ಇದ್ದದ್ದು ಎರಡೇ ಹಾಳೆ.

“ಓದು ಮುಗಿಯೋಕೆ ಇನ್ನೆಷ್ಟು ವರ್ಷ ಇದೆಯಮ್ಮ?” ಎಂದು ಕೇಳಿದರು.

“ಎರಡು ಸರ್.”

“ಮಾತ್ರೆ ತಪ್ಪಿಸಬೇಡ ಹಾಗಾದ್ರೆ,” ಎಂದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, ಅಧ್ಯಕ್ಷರ ದನಿಯಲ್ಲಿ, “ಸಾಕ್ಷಿಗೆ ಮೊಡವೆ ಇಲ್ಲ. ಇದರಿಂದ ಚಿಕಿತ್ಸೆ ಫಲಕಾರಿ ಎಂದು ಸಾಬೀತಾಗಿದೆ. ಚೀಸ್ ನಿರಪರಾಧಿ,” ಎಂದು ತೀರ್ಪು ಕೊಟ್ಟರು. ಕೊನೆಯ ಎರಡು ಪದಕ್ಕೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅಲ್ಲಿಂದ ಮುಂದೆ ಎಲ್ಲವೂ ಸುಸೂತ್ರವಾಯಿತು. ಏಕಾಗ್ರತಾ ಅಧಿನಿಯಮ ಇಂದಿಗೂ ಜಾರಿಯಲ್ಲಿದೆ, ಒಂದಕ್ಷರವೂ ಬದಲಾಗಿಲ್ಲ. ಸ್ಟಬ್ಬಿಯವರು “ಮೊಡವೆಮುಕ್ತ ರಾಜ್ಯ” ಎಂಬ ಘೋಷಣೆಯ ಮೇಲೆ ಮರುವರ್ಷ ಭಾರೀ ಬಹುಮತದಿಂದ ಗೆದ್ದರು. ನೆರೆಯ ನಾಲ್ಕು ಕಾಲೇಜುಗಳು ನಮ್ಮ ನಮೂನೆಯನ್ನು ತರಿಸಿಕೊಂಡವು. ಚರ್ಮರೋಗ ನಿರ್ಮೂಲನೆಗಾಗಿ ವರ್ನಾಳಿಗೆ ರಾಜ್ಯ ಪದಕ ಬಂತು. ಅವಳು ಅದನ್ನು ತಿರಸ್ಕರಿಸಲು ಕಾರಣ ಹುಡುಕಿದಳು. ನಿಜವಾಗಿಯೂ ಯಾರಿಗೂ ಮೊಡವೆ ಇರಲಿಲ್ಲವಾದ್ದರಿಂದ ಕಾರಣ ಸಿಗದೆ ತೆಗೆದುಕೊಂಡಳು.

ಊರಿನ ಮಾತೂ ಬದಲಾಯಿತು. ಚರ್ಚಿನ ಕೆಳಮಹಡಿಯಲ್ಲಿ ಕಾಫಿ ಕುಡಿಯುವ ಮುದುಕಿಯರು ಹೊಸದಾಗಿ ಮದುವೆಯಾದವರನ್ನು, “ಏನಮ್ಮಾ, ಇನ್ನೂ ಮೊಡವೆ ಇಲ್ವಾ?” ಎಂದು ಕೇಳುತ್ತಾರೆ. ಅವಳಿ ಮೊಡವೆಯಾದ ಮನೆಗೆ ಎಲ್ಲರೂ ಬಿಸಿ ಅಡುಗೆ ಮಾಡಿ ತಟ್ಟೆಯಲ್ಲಿ ಮುಚ್ಚಿ ಕೊಟ್ಟುಬರುತ್ತಾರೆ. ಟೆಡ್ಡಿ ಎರಡು ವರ್ಷಕ್ಕೆ ಸರಿಯಾಗಿ ಪದವಿ ಮುಗಿಸಿದಳು. ವೇದಿಕೆಯ ಮೇಲೆ ಸ್ಟಬ್ಬಿಯವರು ಅವಳ ಕೈ ಕುಲುಕುತ್ತ, ಯಾರಿಗೂ ಕೇಳದಂತೆ, “ಮೊಡವೆ?” ಎಂದರು.

“ಇನ್ನೂ ಇಲ್ಲ ಸರ್.”

“ಸಂತೋಷ. ಹೋಗು, ಒಳ್ಳೇದಾಗ್ಲಿ.”

ಈ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಹುಡುಗಿಯೊಬ್ಬಳು ನಮ್ಮ ಕೇಂದ್ರಕ್ಕೆ ಬಂದಳು. ಉತ್ತರದ ಕಡೆಯವಳು, ಹೆಸರು ಆಸ್ಟ್ರಿಡ್ ಕೋಸ್ಕಿ. ಕೆನ್ನೆ, ಹಣೆ, ಗಲ್ಲದ ತುಂಬ ಕೆಂಪು ಕೆಂಪಾದ ಮೊಡವೆ. ವರ್ನಾಳೂ ನಾನೂ ತುಸು ಹೊತ್ತು ಅವಳನ್ನೇ ನೋಡಿದೆವು. ಇಷ್ಟು ವರ್ಷದಲ್ಲಿ ಇಂಥದ್ದು ನಮ್ಮಲ್ಲಿಗೆ ಬಂದಿರಲಿಲ್ಲ.

“ಮೊಡವೆಗೆ ಇಲ್ಲಿ ಒಳ್ಳೇ ಚಿಕಿತ್ಸೆ ಕೊಡ್ತೀರಂತೆ,” ಎಂದಳು ಆಸ್ಟ್ರಿಡ್.

“ಕೊಡ್ತೀವಮ್ಮ,” ಎಂದಳು ವರ್ನಾ, ನೊಂದುಕೊಂಡು. “ಆದ್ರೆ ನಿನಗೆ ಆಗಲೇ ಬಂದುಬಿಟ್ಟಿದೆಯಲ್ಲ. ನಮ್ಮಲ್ಲಿ ಇರೋದು ಬರೋ ಮೊಡವೆಗೆ ಮಾತ್ರ.”

“ಹಾಗಾದ್ರೆ ಇದಕ್ಕೆ?”

“ಇದಕ್ಕೆ ನಮ್ಮ ನಮೂನೆಯಲ್ಲಿ ಜಾಗ ಇಲ್ಲ. ಸೋಪು ಹಾಕಿ ತೊಳ್ಕೋ.”

ಹುಡುಗಿ ಯೋಚಿಸಿದಳು. ಅವಳ ತಂದೆ ಅಂಚೆ ಇಲಾಖೆಯಲ್ಲಿದ್ದಾರೆ, ಅವಳಿಗೆ ನಿಯಮವೆಂದರೆ ಏನೆಂದು ಗೊತ್ತು. “ಹೌದು, ಸರಿಯಾಗೇ ಇದೆ,” ಎಂದು ಎದ್ದಳು. ನಾನು ಅವಳ ಕಡತದಲ್ಲಿ “ಮೊಡವೆಯ ಯಾವ ನಿರೀಕ್ಷೆಯೂ ಇಲ್ಲ” ಎಂದು ಬರೆದೆ. ಅವಳು ಅದನ್ನು ಓದಿ, ಕೆಳಗೆ ಸಹಿ ಹಾಕಿ, ನಮ್ಮಿಬ್ಬರಿಗೂ ಥ್ಯಾಂಕ್ಸ್ ಹೇಳಿ ಹೋದಳು.